ಬರೆಯದೆ ಬಿಟ್ಟ ಒಂದು ಸಾಲು

ರಾತ್ರಿ ಹತ್ತೂವರೆ. ಬೈತಖೋಲದ ಮನೆಯೊಂದರಲ್ಲಿ ಲ್ಯಾಪ್‌ಟಾಪಿನ ಕರ್ಸರ್ ನಿಂತುಬಿಟ್ಟಿತು. ಎಂಟರ್ ಒತ್ತಿದರೂ ಅಲುಗಲಿಲ್ಲ. ಅಂಕೋಲೆಯ ಕಚೇರಿಯೊಂದರ ಸ್ವಿಚ್ಚಿಗೆ ಆಕ್ಸೆಸ್ ಲಿಸ್ಟ್ ಹಾಕುತ್ತಿದ್ದ ಎಂಜಿನಿಯರ್, ಅಂದರೆ ಇದನ್ನು ಬರೆಯುತ್ತಿರುವವನೇ, ತಾನು ಹಾಕಿದ ಬೇಲಿಯಾಚೆ ತಾನೇ ಉಳಿದಿದ್ದ.

ಕೆಲಸ ಸಣ್ಣದು. ಹೊರಗಿನವರು ಸಿಸಿಟಿವಿ ರೆಕಾರ್ಡರಿಗೆ ಟೆಲ್ನೆಟ್‌ನಲ್ಲಿ ಬರಬಾರದು, ಅಷ್ಟೆ. ಭಯಕ್ಕೆ ಕಾರಣವಿತ್ತು. 2016ರಲ್ಲಿ ಮಿರಾಯ್ ಎಂಬ ಮಾಲ್‌ವೇರ್, ಪಾಸ್‌ವರ್ಡ್ ಬದಲಿಸದ ಕ್ಯಾಮೆರಾ, ರೆಕಾರ್ಡರುಗಳಿಗೆ ಟೆಲ್ನೆಟ್ ದಾರಿಯಲ್ಲೇ ನುಗ್ಗಿತ್ತು. ಆ ಅಕ್ಟೋಬರ್ 21ರಂದು ಅವು ಡೈನ್ ಸಂಸ್ಥೆಯ ಡಿಎನ್‌ಎಸ್ ಮೇಲೆ ಮುಗಿಬಿದ್ದಾಗ ಅನೇಕರಿಗೆ ಟ್ವಿಟರ್, ನೆಟ್‌ಫ್ಲಿಕ್ಸ್ ತೆರೆಯಲಿಲ್ಲ. ಅದಕ್ಕೇ ಪೋರ್ಟ್ 23ಕ್ಕೆ 'ಡಿನೈ' ಎಂದು ಒಂದು ಸಾಲು ಬರೆದು, ರೂಟರ್ ಕಡೆಯ ಅಪ್‌ಲಿಂಕ್ ಪೋರ್ಟಿಗೆ ಒಳಬರುವ ದಿಕ್ಕಿನಲ್ಲಿ ಹಾಕಿದ.

ಸ್ವಿಚ್ ಈ ಪಟ್ಟಿಯನ್ನು ಮೇಲಿನಿಂದ ಕೆಳಗೆ ಓದುತ್ತದೆ. ಪ್ಯಾಕೆಟ್ ಮೊದಲು ಹೊಂದುವ ಸಾಲಿನಲ್ಲೇ ತೀರ್ಮಾನ. ಯಾವುದಕ್ಕೂ ಹೊಂದದಿದ್ದರೆ? ತುದಿಯಲ್ಲಿ ಕಣ್ಣಿಗೆ ಕಾಣದ ಇನ್ನೊಂದು ಸಾಲಿರುತ್ತದೆ: ಎಲ್ಲಕ್ಕೂ ಡಿನೈ. ಹಾಗಾಗಿ ಟೆಲ್ನೆಟ್ ಜೊತೆಗೆ ಇವನು ಲಾಗಿನ್ ಆಗಿದ್ದ ಪೋರ್ಟ್ 22ರ ಎಸ್‌ಎಸ್‌ಎಚ್, ಡಿಎನ್‌ಎಸ್ ಉತ್ತರ, ಮೇಲ್ ಎಲ್ಲವೂ ಬಾಗಿಲಲ್ಲೇ ಬಿದ್ದವು. ಕೆಳಗೆ 'ಪರ್ಮಿಟ್ ಐಪಿ ಎನಿ ಎನಿ' ಬೇಕಿತ್ತು. ಗೊತ್ತಿಲ್ಲದ್ದೇನಲ್ಲ. "ಒಂದೇ ಸಾಲಲ್ವಾ ಮಾರಾಯ, ಈಗಲೇ ಹಾಕಿಬಿಡು" ಎಂದು ಮೇಲಧಿಕಾರಿ ಫೋನ್ ಇಡದೆ ಕೂತಿದ್ದರು. ಬೆಳಿಗ್ಗೆ ಅಲ್ಲೇ ಹೋಗಿ ಹಾಕುತ್ತೇನೆ ಎನ್ನಲು ಇವನ ಹಟ ಬಿಡಲಿಲ್ಲ.

ಸದ್ಯ, ಸೇವ್ ಮಾಡಿರಲಿಲ್ಲ. ಸ್ವಿಚ್ ಒಮ್ಮೆ ಆರಿ ಹೊತ್ತಿದರೆ ಹಳೆಯ ಕಾನ್ಫಿಗ್ ಮರಳುತ್ತದೆ. ವಾಚ್‌ಮನ್‌ಗೆ ಫೋನ್ ಮಾಡಿ ಮೇನ್ ಇಳಿಸಲು ಹೇಳಿದ. ಐದು ನಿಮಿಷವಾಯಿತು, ಹತ್ತಾಯಿತು.

"ಸರ್, ಇಡೀ ಆಫೀಸು ಕತ್ತಲು. ಆದ್ರೆ ಒಳಗೆ ಏನೋ ಬೀಪ್ ಬೀಪ್ ಅಂತದೆ."

ಯುಪಿಎಸ್! ಅದು ರ್‍ಯಾಕಿನೊಳಗೆ, ರ್‍ಯಾಕಿಗೆ ಬೀಗ, ಕೀಲಿ ಅಂಕೋಲೆ ಪೇಟೆಯ ಗುಮಾಸ್ತರ ಮನೆಯಲ್ಲಿ. ಬೆಳಿಗ್ಗೆ ಎಂಟಕ್ಕೆ ಅಲ್ಲಿ ಬಿಲ್ಲಿಂಗ್ ಶುರುವಾಗಬೇಕು. ರೇನ್‌ಕೋಟಿನೊಳಗೆ ಲ್ಯಾಪ್‌ಟಾಪ್, ಕನ್ಸೋಲ್ ಕೇಬಲ್ ಅವುಚಿಕೊಂಡು ಬೈಕ್ ಹತ್ತಿದ. ಬಿಣಗಾ, ಅರ್ಗಾ, ಅಮದಳ್ಳಿ, ಅವರ್ಸಾ. ಹೆದ್ದಾರಿ 66ರಲ್ಲಿ ಎದುರು ಬರುವ ಲಾರಿಯ ಬೆಳಕಿಗೆ ಮಳೆ ಬಿಳಿ ಗೋಡೆಯಾಗಿ ನಿಲ್ಲುತ್ತಿತ್ತು. ಅವರ್ಸಾದ ಬಳಿ ಬ್ರೇಕ್ ಒತ್ತಿದಾಗ ಹಿಂದಿನ ಚಕ್ರ ಜಾರಿತು. ಬೀಳಲಿಲ್ಲ. ರಸ್ತೆಬದಿ ನಿಂತು ಕೇಬಲ್ ನೆನೆದಿದೆಯೇ ಎಂದು ತಡವಿ ನೋಡಿದ, ಕೈ ನಡುಗುತ್ತಿತ್ತು.

ನಿದ್ದೆಗಣ್ಣಿನ ಗುಮಾಸ್ತರು ಕಿಟಕಿಯಿಂದಲೇ ಕೀಲಿ ಕೊಟ್ಟರು. ಕನ್ಸೋಲ್ ಚುಚ್ಚಿ ಪೋರ್ಟಿನಿಂದ ಪಟ್ಟಿ ತೆಗೆಯಲು ಅರ್ಧ ನಿಮಿಷ ಸಾಕಾಯಿತು.

ಆಮೇಲೆ ಮಾಡಿದ್ದೇ ಮನೆಯಲ್ಲಿ ಮಾಡಬೇಕಾಗಿದ್ದು. ಸಿಸ್ಕೊ ಸ್ವಿಚ್ಚಾದ್ದರಿಂದ ಮೊದಲು 'ರೀಲೋಡ್ ಇನ್ 10' ಕೊಟ್ಟ. ಏನಾದರೂ ತಪ್ಪಿದರೆ ಹತ್ತು ನಿಮಿಷಕ್ಕೆ ಸ್ವಿಚ್ ತಾನಾಗಿ ರೀಸ್ಟಾರ್ಟ್ ಆಗಿ, ಸೇವ್ ಮಾಡಿದ್ದ ಹಳೆಯ ಕಾನ್ಫಿಗ್ ತರುತ್ತದೆ. ಪಟ್ಟಿಯಲ್ಲಿ ಪರ್ಮಿಟ್ ಸಾಲನ್ನೂ ಸೇರಿಸಿ ಪೋರ್ಟಿಗೆ ಹಾಕಿದ. ಮೊಬೈಲ್ ಡೇಟಾದಿಂದ ಹೊಸದಾಗಿ ಲಾಗಿನ್ ಆಗಿ ನೋಡಿದ. ಒಳಗೆ ಹೋಯಿತು. 'ರೀಲೋಡ್ ಕ್ಯಾನ್ಸಲ್', ಆಮೇಲೆಯೇ ಸೇವ್.

ಎರಡನೇ ಕೀಲಿಯನ್ನು ವಾಚ್‌ಮನ್ ಬಳಿ ಇಡಿ ಎಂದು ಮೇಲಧಿಕಾರಿಗೆ ಎರಡು ಸಲ ಬರೆದಾಯಿತು. ಇನ್ನೂ ಇಟ್ಟಿಲ್ಲ.