ಬಾರದ ಬ್ಯಾಗಿನ ಖರ್ಚು ಯಾರ ಲೆಕ್ಕಕ್ಕೆ?

ವಿಮಾನಕ್ಕೆ ಹಾಕಿದ ಬ್ಯಾಗು ತಡವಾದರೆ ಕಂಪನಿಯವರು ಲಕ್ಷಗಟ್ಟಲೆ ಎಣಿಸಿ ಕೊಡುತ್ತಾರೆ ಅಂತ ನಂಬಿದವರು ನಮ್ಮ ಬಳಗದಲ್ಲೇ ಇದ್ದಾರೆ. ವಿದೇಶ ಪ್ರಯಾಣಕ್ಕೆ ಮಾಂಟ್ರಿಯಲ್ ಒಪ್ಪಂದ ಹಾಕಿರುವ ಮಿತಿ, 2024ರ ಡಿಸೆಂಬರ್ 28ರಿಂದ, ತಲೆಗೆ 1,519 ಎಸ್‌ಡಿಆರ್. ಇದು ಐಎಂಎಫ್‌ನ ಲೆಕ್ಕದ ಹಣ. ನಮ್ಮ ರೂಪಾಯಿಯಲ್ಲಿ ಒಂದೂಮುಕ್ಕಾಲು ಲಕ್ಷದ ಆಸುಪಾಸು. ಅಷ್ಟೂ ಕೈಗೆ ಬರುತ್ತದೆ ಅಂತಲ್ಲ, ಅದಕ್ಕಿಂತ ಹೆಚ್ಚು ಬರುವುದಿಲ್ಲ ಅಂತ. ತಡವಾದ್ದರಿಂದ ನಿಮ್ಮ ಕೈಯಿಂದ ಎಷ್ಟು ಹೋಯಿತೋ ಅಷ್ಟನ್ನೇ ಕೇಳಬೇಕು, ಅದಕ್ಕೂ ರಸೀದಿ ಬೇಕು. ದೇಶದೊಳಗಿನ ಪ್ರಯಾಣಕ್ಕಾದರೆ ಮಿತಿಯೇ 20,000 ರೂಪಾಯಿ.

ಮಗಳ ಮನೆಯಿಂದ ವಾಪಸು ಬರುವಾಗ ನಾನು ಮ್ಯೂನಿಕ್‌ನಲ್ಲಿ ಹತ್ತಿದ್ದು ಒಂದು ಕಂಪನಿಯ ವಿಮಾನ, ನಡುವೆ ಬದಲಾಯಿಸಿ ದೇವನಹಳ್ಳಿಯಲ್ಲಿ ಇಳಿದದ್ದು ಇನ್ನೊಂದರದ್ದು. ಬೆಲ್ಟು ನಿಂತರೂ ನನ್ನ ಬ್ಯಾಗಿಲ್ಲ. ಕೌಂಟರಿನ ಹುಡುಗ, “ಮೇಡಂ, ನಾಳೆ ಬರುತ್ತೆ, ಮನೆಗೆ ಹೋಗಿ, ಫೋನ್ ಮಾಡ್ತೀವಿ” ಅಂದ. “ನಮ್ಮನೆ ಮೈಸೂರಲ್ಲಿದೆಯಪ್ಪ, ಮೊದಲು ನಂಬರ್ ಕೊಡು” ಅಂದೆ.

ಆ ನಂಬರಿನಲ್ಲೇ ಎಲ್ಲ ಮಹಿಮೆ ಇರುವುದು. ಪಿಐಆರ್ ಅನ್ನುವ ದೂರಿನ ನಮೂನೆ ತುಂಬಿಸಿಕೊಂಡರೆ ಬೆಂಗಳೂರು ನಿಲ್ದಾಣದ ಗುರುತಾದ ಬಿಎಲ್‌ಆರ್ ಅಂತ ಶುರುವಾಗಿ, ಕಂಪನಿಯ ಎರಡಕ್ಷರ, ಆಮೇಲೆ ಐದು ಅಂಕಿ ಇರುವ ಗುರುತು ಕೊಡುತ್ತಾರೆ. ವರ್ಲ್ಡ್‌ಟ್ರೇಸರ್ ಎಂಬ ಜಾಲದಲ್ಲಿ ಬ್ಯಾಗು ಹುಡುಕುವುದು ಅದರಿಂದಲೇ. ಹುಡುಗ ಬ್ಯಾಗುಗಳ ಚಿತ್ರವಿದ್ದ ಹಾಳೆ ಮುಂದಿಟ್ಟು ನಿಮ್ಮದು ಯಾವ ಥರದ್ದು ಅಂದ. ಬಣ್ಣ ಕೇಳಿದ, ಒಳಗೇನಿದೆ ಅಂತಲೂ ಕೇಳಿದ. ಬೋರ್ಡಿಂಗ್ ಪಾಸಿನ ಹಿಂದೆ ಅಂಟಿಸಿದ್ದ ಹತ್ತಂಕಿಯ ಟ್ಯಾಗ್ ಚೀಟಿ ನೋಡಿ, “ಮೊದಲನೇ ಕಂಪನಿಯವರೇ ಹಾಕಿಲ್ಲ, ಅವರನ್ನೇ ಕೇಳಿ” ಅಂತ ರಾಗ ಎಳೆದ. ಒಪ್ಪಂದದ ಪ್ರಕಾರ ಮೊದಲ ಕಂಪನಿ, ಕೊನೆಯ ಕಂಪನಿ, ತಡಮಾಡಿದ ಕಂಪನಿ, ಇವರಲ್ಲಿ ಯಾರನ್ನು ಬೇಕಾದರೂ ಹಿಡಿಯಬಹುದು. ನಾನು ಎದುರಿಗಿದ್ದವರನ್ನೇ ಹಿಡಿದೆ.

ಬಹಳ ಜನ ಬಿಟ್ಟು ಬರುವ ಇನ್ನೊಂದು ಕಾಗದ ಕಸ್ಟಮ್ಸ್‌ನವರದ್ದು. ಸುಂಕವಿಲ್ಲದೆ ಸಾಮಾನು ತರುವ ರಿಯಾಯಿತಿಯಲ್ಲಿ ಎಷ್ಟು ಉಳಿದಿದೆ ಅಂತ ಕಂಪನಿಯಿಂದ ಸರ್ಟಿಫಿಕೇಟು ಪಡೆದು, ಹೊರಬೀಳುವ ಮೊದಲೇ ಕಸ್ಟಮ್ಸ್‌ನವರ ಸಹಿ ಹಾಕಿಸಿಕೊಳ್ಳಬೇಕು. ಇಲ್ಲದಿದ್ದರೆ ಹಿಂದಿನಿಂದ ಒಂಟಿಯಾಗಿ ಬರುವ ಬ್ಯಾಗಿಗೆ ಆ ರಿಯಾಯಿತಿ ಕೇಳಲು ನಮ್ಮ ಕೈಯಲ್ಲಿ ಆಧಾರವಿರುವುದಿಲ್ಲ. ನನ್ನದರಲ್ಲಿ ಮಗಳು ತುಂಬಿದ ಚಾಕೊಲೇಟು ಮತ್ತು ಅಳಿಯ ಕೊಡಿಸಿದ ಮಿಕ್ಸಿ ಇತ್ತು. ಮಿಕ್ಸಿ ಮೈಸೂರಿನಲ್ಲಿ ಸಿಗುವುದಿಲ್ಲವೇ ಅಂತ ಕೇಳಬೇಡಿ.

ಮುಂದೆ ಫೋನು ಬಂತು, ಬಂದು ಬಿಡಿಸಿಕೊಳ್ಳಿ ಅಂತ. ಕಸ್ಟಮ್ಸ್ ತಪಾಸಣೆಗೆ ನೀವೇ ಬೇಕು, ಪಾಸ್‌ಪೋರ್ಟ್ ತನ್ನಿ ಅಂದರು. ಬರುವಾಗ ಫ್ಲೈಬಸ್ಸಿನಲ್ಲಿ ಆರಾಮಾಗಿ ಊರು ಸೇರಿದ್ದೆ. ಬ್ಯಾಗು ತರಲು ಮಾತ್ರ ಟ್ಯಾಕ್ಸಿ ಮಾಡಿದೆ. ಅದರ ಬಾಡಿಗೆ, ಮೈಸೂರು ರಸ್ತೆಯ ಟೋಲು, ಸಾದಹಳ್ಳಿಯ ಟೋಲು, ಪಾರ್ಕಿಂಗು, ಎಲ್ಲವೂ ತಡದಿಂದಲೇ ಹುಟ್ಟಿದ ಖರ್ಚು. ಚಾಲಕನ ಹತ್ತಿರ ಜಿಎಸ್‌ಟಿ ಬಿಲ್ಲು ಬರೆಸಿಕೊಂಡೆ, ಫಾಸ್ಟ್ಯಾಗ್‌ನಲ್ಲಿ ಕಳೆದ ಹಣದ ಮೆಸೇಜುಗಳನ್ನು ಕಳಿಸು ಅಂದೆ. ಪಾರ್ಕಿಂಗ್ ಚೀಟಿಯ ಅಕ್ಷರ ವಾರದೊಳಗೆ ಮಾಸುತ್ತದೆ, ಹಾಗಾಗಿ ಅಲ್ಲೇ ಫೋಟೊ ತೆಗೆದೆ. ಪ್ರಯಾಣ ವಿಮೆ ಇತ್ತು, ನಿಜ. ಆದರೆ ಭಾರತಕ್ಕೆ ಮರಳುವಾಗ ಬ್ಯಾಗು ತಡವಾದರೆ ಕೊಡದ ಪಾಲಿಸಿಗಳು ಹಲವಾರು, ನನ್ನದೂ ಅಂಥದ್ದೇ.

ಬ್ಯಾಗು ಕೈಗೆ ಸಿಕ್ಕ ದಿನದಿಂದ 21 ದಿನದೊಳಗೆ ಬರವಣಿಗೆಯಲ್ಲಿ ಕ್ಲೇಮು ಹಾಕಬೇಕು. ಒಡೆದಿದ್ದರೆ, ಹರಿದಿದ್ದರೆ ಏಳೇ ದಿನ. ಕೌಂಟರಿನಲ್ಲಿ ತುಂಬಿಸಿದ ಪಿಐಆರ್ ಸಾಕು ಅಂತ ಸುಮ್ಮನಿರಬಾರದು. ನಾನು ಇಮೇಲಿನಲ್ಲಿ ಬಿಲ್ಲುಗಳನ್ನೆಲ್ಲ ಲಗತ್ತಿಸಿ ಕಳಿಸಿದೆ. ಮೊದಲು ಬಂದ ಉತ್ತರ, “ನಿಮ್ಮ ಮುಂದಿನ ಪ್ರಯಾಣಕ್ಕೆ ವೋಚರ್ ಕೊಡುತ್ತೇವೆ.” ವೋಚರ್ ಬೇಡ, ಬ್ಯಾಂಕ್ ಖಾತೆಗೆ ಹಾಕಿ ಎಂದು ಬರೆದೆ. ಜಿಲ್ಲಾ ಗ್ರಾಹಕ ಆಯೋಗದಲ್ಲಿ ಐದು ಲಕ್ಷದವರೆಗಿನ ದೂರಿಗೆ ಶುಲ್ಕವಿಲ್ಲ ಅನ್ನುವುದನ್ನೂ ಒಂದು ಸಾಲಿನಲ್ಲಿ ಸೇರಿಸಿದೆ. ಟ್ಯಾಕ್ಸಿ, ಟೋಲು, ಪಾರ್ಕಿಂಗಿನ ಹಣ ಬಂತು. ಮದ್ದೂರಿನಲ್ಲಿ ಚಾಲಕನೂ ನಾನೂ ತಿಂದ ವಡೆಯ ಬಿಲ್ಲನ್ನು ಮಾತ್ರ ಹೊಡೆದುಹಾಕಿದ್ದರು. ಅದಕ್ಕೆ ನಾನೂ ತಕರಾರು ತೆಗೆಯಲಿಲ್ಲ.