ಮಲಯ್ ಮಕ್ಕಳೂ ಇಂಗ್ಲಿಷಿನ ಬಹುವಚನವೂ

ಮಲೇಷ್ಯಾ ದೇಶದಲ್ಲಿ ಮಲಯ್ ಭಾಷೆಯನ್ನಾಡುವ ವಿದ್ಯಾರ್ಥಿಗಳು ಇಂಗ್ಲಿಷಿನಲ್ಲಿ ‘ಟೂ ಬುಕ್’ ಎಂದು ಬರೆಯುವುದುಂಟು. ಇದನ್ನು ಅಜಾಗ್ರತೆಯೆಂದು ಗದರಿಸುವುದಕ್ಕೆ ಮೊದಲು ನಾವು ಅವರ ತಾಯ್ನುಡಿಯ ಕ್ರಮವನ್ನರಿಯಬೇಕು.

ಮಲಯ್ ಭಾಷೆಯಲ್ಲಿ ‘ಬುಕು’ ಎಂದರೆ ಪುಸ್ತಕ. ಅನೇಕವೆಂದು ಸೂಚಿಸಬೇಕಾದಾಗ ‘ಬುಕು-ಬುಕು’ ಎಂದು ಪದವನ್ನೇ ಎರಡು ಸಲ ಹೇಳುವರು. 1972ರ ಬರವಣಿಗೆಯ ಸುಧಾರಣೆಗೆ ಮುಂಚೆ ಪದದ ಕೊನೆಯಲ್ಲಿ 2 ಎಂಬ ಅಂಕಿಯನ್ನಿಟ್ಟು ಇದನ್ನು ತೋರಿಸುತ್ತಿದ್ದುದೂ ಉಂಟು. ಆದರೆ ಸಂಖ್ಯಾವಾಚಕವು ಬಂದೊಡನೆ ಈ ದ್ವಿರುಕ್ತಿ ಬೇಕಿಲ್ಲ. ‘ದುವಾ ಬುವಾಹ್ ಬುಕು’ ಎಂದರೆ ಎರಡು ಪುಸ್ತಕ. ನಡುವಣ ‘ಬುವಾಹ್’ ಎಂಬುದಕ್ಕೆ ಹಣ್ಣೆಂದು ಅರ್ಥವಾದರೂ ಇಲ್ಲಿ ಅದು ಎಣಿಕೆಗೆ ಸಹಾಯಕವಾದ ಪದವಷ್ಟೇ. ಎರಡು ಎಂದ ಮೇಲೆ ಬೇರೆ ಗುರುತೇಕೆಂಬುದೇ ಆ ಭಾಷೆಯ ನ್ಯಾಯ. ನಾವೂ ‘ಹತ್ತು ರೂಪಾಯಿ’ ಎನ್ನುವೆವಲ್ಲವೇ?

ಇನ್ನೊಂದು ತೊಡಕು ಉಚ್ಚಾರಣೆಯದು. ಮಲಯ್ ಭಾಷೆಯ ಸ್ವಂತ ಪದಗಳ ಅಂತ್ಯದಲ್ಲಿ ಎರಡು ವ್ಯಂಜನಗಳು ಕೂಡಿ ಬರುವುದಿಲ್ಲ. ಆದುದರಿಂದ ‘ಬುಕ್ಸ್’ ಎಂಬಲ್ಲಿ ಕಡೆಯ ‘ಸ್’ ಲೋಪವಾಗುವುದು ಸುಲಭ.

ಆದಕಾರಣ ಉಪಾಧ್ಯಾಯಿನಿಯು ವಸ್ತುಗಳನ್ನು ಎದುರಿಗಿಟ್ಟು ‘ಒನ್ ಬುಕ್, ಟೂ ಬುಕ್ಸ್’ ಎಂದು ಮೊದಲು ಬಾಯಿಂದ ಹೇಳಿಸಲಿ, ಬಳಿಕ ಬರೆಯಿಸಲಿ. ‘ಚಿಲ್ಡ್ರನ್’ ಮೊದಲಾದ ಅಪವಾದಗಳು ಆಮೇಲೆ ಬರಲಿ. ತಾಯಿತಂದೆಗಳಾದವರೂ ಮಗುವಿನ ತಪ್ಪನ್ನು ಕಂಡಾಗ ದಡ್ಡತನವೆನ್ನದೆ, ಅದರ ಕಾರಣವನ್ನು ವಿಚಾರಿಸಬೇಕೆಂದು ನಮ್ಮ ಬಿನ್ನಹ.