ಮಳೆ ಹಿಡಿದಾಗ ಕೌದಿ ಹೊಲಿಯೋಣ



ನಮ್ಮದು ಬಿಸಿಲಿನ ನಾಡು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ. ಈ ನಾಲ್ಕೂ ಕಡೆ ಮಳೆ ಕಡಿಮೆ. ಬಂದರೆ ಹೆಚ್ಚಾಗಿ ಸೆಪ್ಟೆಂಬರ್ ತಿಂಗಳಲ್ಲಿ ಬರುತ್ತದೆ. ಕೆಲವು ಸಲ ಎರಡು ಮೂರು ದಿನ ಬಿಡದೆ ಜಿಟಿಜಿಟಿ ಹಿಡಿಯುತ್ತದೆ.

ನಮ್ಮ ಹೊಲ ಎರೆ ಹೊಲ. ಎರೆ ಮಣ್ಣು ನೆನೆದರೆ ಕಾಲಿಗೆ ಮೆತ್ತುತ್ತದೆ. ಕಾಲು ಎತ್ತಿ ಇಡಲು ಆಗುವುದಿಲ್ಲ. ಕಸ ತೆಗೆಯಲು ಬರುವುದಿಲ್ಲ. ಕುಂಟೆ ಹೊಡೆಯಲು ಬರುವುದಿಲ್ಲ. ಹೊಲ ಆರುವ ತನಕ ಕೆಲಸಕ್ಕೆ ರಜೆ. ಅದೇ ಹೊತ್ತಿಗೆ ಹಬ್ಬವೋ, ರವಿವಾರವೋ ಬಂದರೆ ಮಕ್ಕಳಿಗೂ ಸಾಲಿ ರಜೆ.

ಮನೆ ಕೆಲಸಕ್ಕೆ ಮಾತ್ರ ರಜೆ ಇಲ್ಲ. ರೊಟ್ಟಿ ಬಡಿಯಬೇಕು. ದನಕ್ಕೆ ಮೇವು ಹಾಕಬೇಕು. ಆದರೂ ಮಧ್ಯಾಹ್ನ ಒಂದೆರಡು ತಾಸು ಸಿಗುತ್ತದೆ. ಆ ಹೊತ್ತು ನಮ್ಮದು. ಆಗ ಬಣ್ಣ ಬಣ್ಣದ ಕೌದಿ ಹೊಲಿದರೆ ಹೇಗೆ?

ಕೆಲವರು ಉಲ್ಲನ್ ದಾರದಿಂದ ಬಾಗಿಲ ತೋರಣ ಹೆಣೆಯುತ್ತಾರೆ. ಕೂಸಿಗೆ ಕುಲಾವಿ ಹೆಣೆಯುತ್ತಾರೆ. ಅದೂ ಚೆಂದವೇ. ಆದರೆ ಅದಕ್ಕೆ ದಾರ ಕೊಳ್ಳಬೇಕು. ಕೌದಿಗೆ ಬೇಕಾದ ಅರಿವೆ ನಮ್ಮ ಮನೆಯ ಹಳೆ ಗಂಟಿನಲ್ಲೇ ಇರುತ್ತದೆ.

ಗಂಟು ಬಿಚ್ಚಿ ನೋಡಿ

ಗಂಟಿನಲ್ಲಿ ಏನೇನಿದೆ? ಹಳೆಯ ಸೀರೆ. ಧೋತರ. ಹರಿದ ಕುಬಸ. ಮಗನ ಅಂಗಿ. ಮಗಳ ಲಂಗ. ಒಂದು ಕೆಂಪು, ಒಂದು ಹಸಿರು, ಒಂದು ಹಳದಿ. ಚೌಕಡಿ ಒಂದು, ಹೂವಿನದು ಒಂದು.

ಒಂದೊಂದು ತುಂಡಿಗೂ ಒಂದು ಕತೆ ಇದೆ. ಇದು ತವರಿನವರು ಉಡಿಸಿದ ಸೀರೆ. ಇದು ತೀರಿಹೋದ ಅವ್ವನ ಕುಬಸ. ಇದು ಮಗ ಮೊದಲ ದಿನ ಸಾಲಿಗೆ ಹಾಕಿಕೊಂಡು ಹೋದ ಅಂಗಿ. ಅರಿವೆ ಹರಿಯಿತು, ನೆನಪು ಹರಿಯಲಿಲ್ಲ. ಎಲ್ಲಾ ಕೂಡಿ ಒಂದು ಕೌದಿ ಆಗುತ್ತದೆ. ಮಕ್ಕಳು ಅದನ್ನು ಹೊದ್ದು ಮಲಗುತ್ತಾರೆ.

ಕೌದಿ ನಮ್ಮ ಕಡೆ ಮಾತ್ರ ಇಲ್ಲ. ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆ ಸಿದ್ದಿ ಜನ ಇದ್ದಾರೆ. ಅವರ ಹಿರಿಯರು ಆಫ್ರಿಕಾದಿಂದ ಬಂದವರು. ಸಿದ್ದಿ ಹೆಣ್ಣುಮಕ್ಕಳೂ ಕೌದಿ ಹೊಲಿಯುತ್ತಾರೆ. ಅವರು ಕೌದಿಯ ನಾಲ್ಕು ಮೂಲೆಗೆ ಮೂರು ಮೂಲೆಯ ತುಂಡು ಹಚ್ಚುತ್ತಾರೆ. ಅದನ್ನು ಹೂವು ಅನ್ನುತ್ತಾರೆ. ಮೂಲೆಯಲ್ಲಿ ಹೂವು ಇಲ್ಲದಿದ್ದರೆ ಅವರ ಲೆಕ್ಕದಲ್ಲಿ ಕೌದಿ ಮುಗಿದ ಹಾಗಲ್ಲ.

ಕೂಸಿನ ಕೌದಿ ಹೊಲಿಯುವುದು

ದೊಡ್ಡ ಕೌದಿಗೆ ಬಹಳ ದಿನ ಬೇಕು. ಮೊದಲು ಕೂಸಿನ ಕೌದಿ ಹೊಲಿಯೋಣ. ಮೂರು ದಿನದ ರಜೆಯಲ್ಲಿ ಮುಗಿಯುತ್ತದೆ.

ಅಳತೆ: ಉದ್ದ ಎರಡು ಮೊಳ. ಅಗಲ ಒಂದೂವರೆ ಮೊಳ. ಟೇಪು ಇದ್ದರೆ ಉದ್ದ 90 ಸೆಂಟಿಮೀಟರ್, ಅಗಲ 68 ಸೆಂಟಿಮೀಟರ್ ಹಿಡಿಯಿರಿ. ಮೊಳ ಕೈಯಿಂದ ಕೈಗೆ ಬೇರೆ. ಟೇಪಿನ ಅಳತೆ ಎಲ್ಲರಿಗೂ ಒಂದೇ. ಮಾರುವ ಕೌದಿಗೆ ಟೇಪಿನ ಅಳತೆಯೇ ಒಳ್ಳೆಯದು.

ಒಂದು. ಮೆತ್ತನೆಯ ಹತ್ತಿ ಅರಿವೆ ಆರಿಸಿ. ಬಿಸಿ ನೀರಿನಲ್ಲಿ ತೊಳೆಯಿರಿ. ಮಳೆ ಹಿಡಿಯುವ ಮೊದಲೇ ಬಿಸಿಲಿಗೆ ಒಣಗಿಸಿ ಇಡಿ. ಹಸಿ ಅರಿವೆ ಮಡಚಿ ಇಟ್ಟರೆ ಬೂಷ್ಟು ಹಿಡಿಯುತ್ತದೆ.

ಎರಡು. ಬಣ್ಣ ಬಿಡುತ್ತದೆಯೋ ನೋಡಿ. ಬಿಳಿ ಚಿಂದಿ ನೆನೆಸಿ, ತುಂಡಿನ ಮೇಲೆ ತಿಕ್ಕಿ. ಚಿಂದಿಗೆ ಬಣ್ಣ ಹತ್ತಿದರೆ ಆ ತುಂಡು ಕೂಸಿನ ಕೌದಿಗೆ ಬೇಡ.

ಮೂರು. ಅಡಿಗೆ ಒಂದು ಗಟ್ಟಿ ಅರಿವೆ ಹಾಸಿ. ಅದರ ಮೇಲೆ ಹಳೆ ಸೀರೆಯ ಎರಡು ಮೂರು ಪದರು ಹಾಸಿ. ಅಂಗೈಯಿಂದ ಸವರಿ ಸುಕ್ಕು ತೆಗೆಯಿರಿ. ಸುತ್ತಲೂ ಅಂಚು ಒಳಗೆ ಮಡಚಿ.

ನಾಲ್ಕು. ಬಣ್ಣದ ತುಂಡು ಕತ್ತರಿಸಿ. ನಾಲ್ಕು ಬೆರಳು ಅಗಲ, ನಾಲ್ಕು ಬೆರಳು ಉದ್ದ ಇದ್ದರೆ ಸಾಕು. ಹೊಲಿಯುವ ಮೊದಲು ತುಂಡುಗಳನ್ನು ಮೇಲೆ ಇಟ್ಟು ನೋಡಿ. ಕೆಂಪಿನ ಪಕ್ಕ ಹಸಿರು ಇಡಿ. ಕಪ್ಪಿನ ಪಕ್ಕ ಹಳದಿ ಇಡಿ. ದೂರ ನಿಂತು ನೋಡಿ. ಚೆಂದ ಕಾಣದಿದ್ದರೆ ಜಾಗ ಬದಲಿಸಿ. ಇದು ಬಹಳ ಖುಷಿಯ ಕೆಲಸ. ಮಕ್ಕಳನ್ನೂ ಕೇಳಿ. ಅವರೂ ಕೂಡಿ ಆರಿಸಲಿ.

ಐದು. ಅಂಚಿನಿಂದ ಹೊಲಿಯಲು ಶುರು ಮಾಡಿ. ಸುತ್ತು ಹೊಡೆಯುತ್ತಾ ಒಳಗೆ ಬನ್ನಿ. ಹೊಲಿಗೆ ಜೋಳದ ಕಾಳಿನಷ್ಟು ಸಣ್ಣದಿರಲಿ. ಸಾಲಿಗೂ ಸಾಲಿಗೂ ಒಂದು ಬೆರಳು ಅಂತರ ಇರಲಿ. ಬಣ್ಣದ ತುಂಡು ಬಂದ ಕಡೆ ಅದರ ಅಂಚು ಮಡಚಿ, ಕೂಡಿಸಿ ಹೊಲಿಯಿರಿ.

ಆರು. ನಡುವಿಗೆ ಬಂದ ಮೇಲೆ ದಾರಕ್ಕೆ ಗಂಟು ಹಾಕಿ. ನಾಲ್ಕು ಮೂಲೆಗೆ ಮೂರು ಮೂಲೆಯ ತುಂಡು ಹಚ್ಚಿ.

ಕೂಸಿನ ಕೌದಿಗೆ ಕನ್ನಡಿ, ಮಣಿ, ಗುಂಡಿ ಹಚ್ಚಬೇಡಿ. ಕಿತ್ತು ಬಂದರೆ ಕೂಸು ಬಾಯಿಗೆ ಹಾಕಿಕೊಳ್ಳುತ್ತದೆ. ಕೂಸಿನ ಮುಖದ ಮೇಲೆ ಕೌದಿ ಹೊದಿಸಬೇಡಿ.

ಸೂಜಿಯ ಕಣ್ಣು, ನಮ್ಮ ಕಣ್ಣು

ಮಳೆಗಾಲದಲ್ಲಿ ಮನೆಯೊಳಗೆ ಕತ್ತಲು. ಕರೆಂಟೂ ಹೋಗುತ್ತದೆ. ಬಾಗಿಲ ಹತ್ತಿರ, ಬೆಳಕಿಗೆ ಕುಳಿತು ಹೊಲಿಯಿರಿ. ಅರ್ಧ ತಾಸಿಗೆ ಒಮ್ಮೆ ಎದ್ದು ನಿಂತು ಬೆನ್ನು ಚಾಚಿ. ದೂರದ ಗಿಡ ನೋಡಿ.

ಸೂಜಿಗೆ ದಾರ ಪೋಣಿಸಲು ಆಗುವುದಿಲ್ಲವೇ? ಅಕ್ಷರ ಮಸುಕಾಗಿ ಕಾಣುತ್ತದೆಯೇ? ನಲವತ್ತು ವರ್ಷ ದಾಟಿದ ಮೇಲೆ ಹತ್ತಿರದ್ದು ಕಾಣುವುದು ಕಡಿಮೆ ಆಗುತ್ತದೆ. ಅದಕ್ಕೆ ನಾಚಿಕೆ ಬೇಡ. ಸರ್ಕಾರಿ ದವಾಖಾನೆಗೆ ಹೋಗಿ ಕಣ್ಣು ತೋರಿಸಿ. ಚಸ್ಮಾ ಹಾಕಿಕೊಂಡರೆ ಸೂಜಿಯೂ ಕಾಣುತ್ತದೆ, ಪುಸ್ತಕವೂ ಕಾಣುತ್ತದೆ.

ಒಂದು ಮಾತು ನೆನಪಿಡಿ. ಕೂಡುವಾಗ ಎಷ್ಟು ಸೂಜಿ, ಏಳುವಾಗ ಅಷ್ಟೇ ಸೂಜಿ. ಎಣಿಸಿ ಡಬ್ಬಿಯಲ್ಲಿ ಹಾಕಿ. ಮನೆಯಲ್ಲಿ ಮಕ್ಕಳು ಬರಿಗಾಲಲ್ಲಿ ಓಡಾಡುತ್ತವೆ.

ಅತ್ತೆ ಸೊಸೆಯ ಲೆಕ್ಕ

ಒಂದು ಊರು ಅಂತ ತಿಳಿಯಿರಿ. ಅತ್ತೆ ಸೊಸೆ ಕೂಡಿ ಮಳೆಯಲ್ಲಿ ಕೂಸಿನ ಕೌದಿ ಹೊಲಿದರು. ಪೇಟೆಯವರೊಬ್ಬರು ಬಂದು ನೋಡಿದರು. "ಬಹಳ ಚೆಂದ ಐತಿ. 200 ರೂಪಾಯಿ ಕೊಡ್ತೀನಿ. ನಾಳೆ ಬಂದು ಒಯ್ತೀನಿ" ಎಂದು ಹೇಳಿ ಹೋದರು. ಆಮೇಲೆ ಮನೆಯಲ್ಲಿ ಈ ಮಾತು ನಡೆಯಿತು.

ಅತ್ತೆ: ಕೊಟ್ಟು ಬಿಡೂಣವ್ವಾ. ಹಳೀ ಅರಿವಿ. ಹೆಂಗೂ ಮಳ್ಯಾಗ ಖಾಲಿ ಕುಂತಿದ್ವಿ. ಬಂದಷ್ಟು ಬರ್ಲಿ.

ಸೊಸೆ: ತಡೀರಿ ಅತ್ತಿ. ಒಂದೀಟು ಲೆಕ್ಕಾ ಬರದು ನೋಡೂಣು.

ಅತ್ತೆ: ಕೌದಿಗಿ ಎಂಥಾ ಲೆಕ್ಕ ತಂಗಿ? ನಮ್ಮವ್ವ ಹೊಲದಾಳ. ನಾನೂ ಹೊಲದೀನಿ. ಯಾರೂ ಲೆಕ್ಕಾ ಬರದಿಲ್ಲ.

ಸೊಸೆ: ಬರೀಲಿಲ್ಲ, ಅದಕ್ಕ ಯಾರೂ ಕೇಳಲೂ ಇಲ್ಲರಿ. ಅಡೀ ಅರಿವಿ ಹೊಸಾದು ತಂದ್ವಿ. ಎಷ್ಟು ಕೊಟ್ರಿ?

ಅತ್ತೆ: ನೂರಾ ಐದು ರೂಪಾಯಿ. ದಾರ, ಸೂಜಿಗಿ ನಲವತ್ತು.

ಸೊಸೆ: ಎರಡೂ ಕೂಡಿ 145 ಆತು. ಅವರು ಕೊಡೂದು 200. ಉಳಿಯೂದು 55. ಮೂರು ದಿನ ಹೊಲದ್ವಿ. ದಿನಾ ಎರಡು ತಾಸು. ಮೂರು ಎರಡ್ಲೆ ಆರು. ನಾವು ಇಬ್ಬರು. ಒಟ್ಟು 12 ತಾಸು. ಹನ್ನೆರಡು ತಾಸಿಗಿ 55 ರೂಪಾಯಿ. ತಾಸಿಗಿ ಐದು ರೂಪಾಯಿನೂ ಬೀಳಲಿಲ್ಲರಿ.

ಅತ್ತೆ: ಅಯ್ಯ! ಅದರಾಗ ಒಂದು ಕಪ್ಪು ಚಾ ಸೈತ ಬರೂದಿಲ್ಲಲ್ಲ!

ಸೊಸೆ: ಉದ್ಯೋಗ ಖಾತರಿ ಕೆಲಸಕ್ಕ 2025-26ರಾಗ ದಿನದ ಕೂಲಿ 370 ರೂಪಾಯಿ ಇತ್ತು. ಗಂಡಸರಿಗೂ ಅಷ್ಟ, ಹೆಂಗಸರಿಗೂ ಅಷ್ಟ. ಎಂಟು ತಾಸಿಗಿ ಒಂದು ದಿನ ಅಂತ ಹಿಡೀರಿ. ಹನ್ನೆರಡು ತಾಸು ಅಂದ್ರ ಒಂದೂವರಿ ದಿನ. 370ಕ್ಕ ಅದರ ಅರ್ಧ 185 ಕೂಡಿಸ್ರಿ. 555 ಆಗ್ತೈತಿ.

ಸೊಸೆ ಹಾಳೆಯ ಮೇಲೆ ಹೀಗೆ ಬರೆದಳು:

ಅಡಿ ಅರಿವೆ: 105 ರೂಪಾಯಿ
ದಾರ, ಸೂಜಿ: 40 ರೂಪಾಯಿ
ಕೂಲಿ, ಒಂದೂವರೆ ದಿನ: 555 ರೂಪಾಯಿ
ಒಟ್ಟು: 700 ರೂಪಾಯಿ

ಅತ್ತೆ: ಏಳ್ನೂರು! ಅವರು ಒಲ್ಲೆ ಅಂದ್ರ?

ಸೊಸೆ: ಒಲ್ಲೆ ಅನ್ನಬಹುದು. ಒಂದೀಟು ಕಡಿಮಿ ಮಾಡೂದು ನಮ್ಮ ಕೈಯಾಗ ಐತಿ. ಆದ್ರ ಎಷ್ಟು ಕಡಿಮಿ ಮಾಡಿದ್ವಿ ಅನ್ನೂದು ನಮಗ ಗೊತ್ತಿರಬೇಕಲ್ರಿ.

ಅತ್ತೆ: ಖರೇ ಮಾತು. ನನ್ನ ಮಗಳ ಕೂಸಿಗಿ ಕೊಡೂವಾಗ ಒಂದು ಪೈಸಾ ಕೇಳೂದಿಲ್ಲ. ಅದು ಪ್ರೀತಿ. ಕೊಟ್ಟರ ಪ್ರೀತಿಗಿ ಕೊಡೂಣು. ಮಾರಿದರ ಲೆಕ್ಕಾ ಹಾಕಿ ಮಾರೂಣು.

ಮರುದಿನ ಪೇಟೆಯವರು ಬಂದರು. ಸೊಸೆ ಹಾಳೆ ತೋರಿಸಿದಳು. ಅವರು ಓದಿದರು. ಸ್ವಲ್ಪ ಚೌಕಾಸಿ ಆಯಿತು. ಕಡೆಗೆ 600 ರೂಪಾಯಿ ಕೊಟ್ಟು ಕೌದಿ ಒಯ್ದರು.

ಕೂಡಿ ಬೆಲೆ ಕಟ್ಟುವುದು

ಎಲ್ಲರೂ ಹೀಗೆ ಒಪ್ಪುವುದಿಲ್ಲ. ಒಂದು ಮನೆಯವರು 700 ಕೇಳಿದರು. ಪಕ್ಕದ ಮನೆಯವರು 200ಕ್ಕೇ ಕೊಟ್ಟರು. ಆಗ ಬೆಲೆ ಬಿದ್ದು ಹೋಗುತ್ತದೆ. ಅದಕ್ಕೆ ಕೂಡಿ ಕುಳಿತು ಬೆಲೆ ಕಟ್ಟಬೇಕು. ಹಾಗೆ ಕೂಡಿದ ಹೆಣ್ಣುಮಕ್ಕಳು ಬೇರೆ ದೇಶದಲ್ಲೂ ಇದ್ದಾರೆ.

ಅಮೆರಿಕಾ ದೇಶದಲ್ಲಿ ಅಲಬಾಮಾ ಎಂಬ ರಾಜ್ಯ ಇದೆ. ಅಲ್ಲಿ ಗೀಸ್ ಬೆಂಡ್ ಎಂಬ ಊರು. ಅಲ್ಲಿಯ ಕಪ್ಪು ಜನರ ಹಿರಿಯರು ಜೀತದಾಳುಗಳಾಗಿ ದುಡಿದವರು. ಹೆಣ್ಣುಮಕ್ಕಳು ಹೊಲದಲ್ಲಿ ಹಾಕಿಕೊಂಡು ಹಳೆಯದಾದ ಅರಿವೆಗಳಿಂದ ಕೌದಿ ಹೊಲಿಯುತ್ತಿದ್ದರು. ಚಳಿಗೆ ಅವೇ ಹೊದಿಕೆ. 1966ರಲ್ಲಿ ಆ ಭಾಗದ ಹೆಣ್ಣುಮಕ್ಕಳು ಕೂಡಿ ಒಂದು ಸಹಕಾರ ಸಂಘ ಕಟ್ಟಿದರು. ಕೌದಿಗಳನ್ನು ದೊಡ್ಡ ಪಟ್ಟಣಗಳಿಗೆ ಮಾರಿದರು. 2006ರಲ್ಲಿ ಅಮೆರಿಕಾ ಸರ್ಕಾರ ಆ ಊರಿನ ಕೌದಿಗಳ ಚಿತ್ರ ಹಾಕಿ 10 ಬಗೆಯ ಅಂಚೆ ಚೀಟಿ ಹೊರಡಿಸಿತು.

ನಮ್ಮ ರಾಜ್ಯದ ಮಾತು ಕೇಳಿ. ಲಂಬಾಣಿ ತಾಂಡಾಗಳು ನಮ್ಮ ಜಿಲ್ಲೆಯಲ್ಲೂ ಬಹಳ ಇವೆ. ತುಂಡು ಜೋಡಿಸಿ, ಕನ್ನಡಿ ಹಚ್ಚಿ ಹೊಲಿಯುವ ಅವರ ಕೆಲಸ ನಾವು ನೋಡಿದ್ದೇವೆ. ಬಳ್ಳಾರಿ ಜಿಲ್ಲೆಯ ಸಂಡೂರಿನಲ್ಲಿ ಲಂಬಾಣಿ ಹೆಣ್ಣುಮಕ್ಕಳು ಕೂಡಿ ಈ ಕೆಲಸ ಮಾಡುತ್ತಾರೆ. ಜುಲೈ 2023ರಲ್ಲಿ ಹಂಪಿಯಲ್ಲಿ ಜಿ-20 ದೇಶಗಳ ಸಭೆ ಆಯಿತು. ಆಗ 450ಕ್ಕಿಂತ ಹೆಚ್ಚು ಹೆಣ್ಣುಮಕ್ಕಳು ಹೊಲಿದ 1,755 ಕಸೂತಿ ತುಂಡುಗಳನ್ನು ಅಲ್ಲಿ ತೋರಿಸಿದರು. ಅದು ಗಿನ್ನೆಸ್ ದಾಖಲೆ ಆಯಿತು.

ನಮ್ಮ ಊರುಗಳಲ್ಲಿ ಸ್ತ್ರೀಶಕ್ತಿ ಸಂಘಗಳಿವೆ. ವಾರಕ್ಕೊಮ್ಮೆ ಕೂಡಿದಾಗ ಉಳಿತಾಯದ ಮಾತಿನ ಜೊತೆ ಕೌದಿಯ ಮಾತೂ ಆಡಿ. ಯಾರು ಎಷ್ಟು ಹೊಲಿದರು, ಎಷ್ಟಕ್ಕೆ ಮಾರಿದರು, ಒಂದು ಪುಸ್ತಕದಲ್ಲಿ ಬರೆಯಿರಿ. ಹೊಲಿಯುವುದು ನಮಗೆ ಮೊದಲೇ ಗೊತ್ತಿತ್ತು. ಈಗ ಬರೆಯುವುದೂ ಗೊತ್ತು. ಎರಡೂ ಕೂಡಿದರೆ ಕೈ ಕೆಲಸಕ್ಕೆ ಬೆಲೆ ಬರುತ್ತದೆ.

ಅಭ್ಯಾಸ

1. ಈ ಪದಗಳನ್ನು ಓದಿ. ಚಂದ ಮಾಡಿ ಬರೆಯಿರಿ.
ಕೌದಿ, ಸೂಜಿ, ದಾರ, ಪದರು, ಅಂಚು, ಮೂಲೆ, ಅಳತೆ, ಕೂಲಿ, ಬೆಲೆ, ಲೆಕ್ಕ

2. ಬಿಟ್ಟ ಜಾಗ ತುಂಬಿರಿ.
ಕೂಡುವಾಗ ಎಷ್ಟು ಸೂಜಿ, ಏಳುವಾಗ ಅಷ್ಟೇ ______.
ಹೊಲಿಗೆ ______ ಕಾಳಿನಷ್ಟು ಸಣ್ಣದಿರಲಿ.
ಕೊಟ್ಟರೆ ಪ್ರೀತಿಗೆ ಕೊಡೋಣ, ಮಾರಿದರೆ ______ ಹಾಕಿ ಮಾರೋಣ.

3. ಲೆಕ್ಕ ಮಾಡಿರಿ.
ಅತ್ತೆ ಸೊಸೆಗೆ 600 ರೂಪಾಯಿ ಬಂತು. ಖರ್ಚು 145 ರೂಪಾಯಿ. ಕೂಲಿಗೆ ಉಳಿದದ್ದು ಎಷ್ಟು? ಲೆಕ್ಕದ ಕೂಲಿ 555 ರೂಪಾಯಿ. ಅವರು ಎಷ್ಟು ಕಡಿಮೆ ಮಾಡಿದರು?

4. ಕೂಡಿ ಮಾತಾಡಿರಿ.
ನಿಮ್ಮ ಊರಲ್ಲಿ ಕೌದಿಗೆ ಏನು ಬೆಲೆ ಕೊಡುತ್ತಾರೆ? ಆ ಬೆಲೆ ಕಟ್ಟುವವರು ಯಾರು, ಹೊಲಿದವರೋ ಕೊಳ್ಳುವವರೋ?
ಕೌದಿ ಮುಗಿದ ದಿನ ನಿಮ್ಮ ಮನೆಯಲ್ಲಿ ಏನಾದರೂ ಪದ್ಧತಿ ಇದೆಯೇ? ಹಿರಿಯರನ್ನು ಕೇಳಿ ನಾಲ್ಕು ಸಾಲು ಬರೆಯಿರಿ.

5. ಮಾಡಿ ನೋಡಿರಿ.
ನಿಮ್ಮ ಮನೆಯ ಒಂದು ಕೌದಿ ತೆಗೆಯಿರಿ. ಅದರಲ್ಲಿ ಎಷ್ಟು ಬಣ್ಣ ಇದೆ ಎಣಿಸಿರಿ. ಯಾವ ತುಂಡು ಯಾರದು, ಒಂದೊಂದಾಗಿ ಬರೆಯಿರಿ. ಮುಂದಿನ ತರಗತಿಗೆ ತಂದು ಎಲ್ಲರ ಮುಂದೆ ಓದಿರಿ.